ವರ್ಡ್‌ಪ್ರೆಸ್ ಕೋಡ್‌ನಲ್ಲಿ ವೇರಿಯಬಲ್ ಮತ್ತು ಆರ್ಗ್ಯುಮೆಂಟ್: ಮೌಲ್ಯವನ್ನು ದಾರಿ ತಪ್ಪದಂತೆ ದಾಟಿಸುವ ಕ್ರಮ

ಒಂದು ಫೈಲಿನಲ್ಲಿ ಸರಿಯಾಗಿದ್ದ ಮೌಲ್ಯ ಮುಂದಿನ ಫೈಲಿಗೆ ಹೋಗುವಷ್ಟರಲ್ಲಿ ಖಾಲಿಯಾಗಿರುತ್ತದೆ. ಶಾರ್ಟ್‌ಕೋಡ್‌ನಲ್ಲಿ (ಪುಟದಲ್ಲಿ ಚೌಕ ಆವರಣದೊಳಗೆ ಬರೆಯುವ ಸಣ್ಣ ಸೂಚನೆ) ಚಿತ್ರ ಬೇಡವೆಂದು ಬರೆದರೂ ಚಿತ್ರ ಬಂದೇ ಬರುತ್ತದೆ. ಮೌಲ್ಯವನ್ನು ನಡುವೆ ಹಿಡಿದು ಬದಲಿಸುವ ಫಿಲ್ಟರ್ ಒಂದನ್ನು ಸೇರಿಸಿದ ಮರುಕ್ಷಣ ಇಡೀ ಲೇಖನ ಪುಟದಿಂದ ಮಾಯವಾಗುತ್ತದೆ. ವರ್ಡ್‌ಪ್ರೆಸ್ ಥೀಮ್ ಮತ್ತು ಪ್ಲಗಿನ್ ಬರೆಯಲು ಕಲಿಯುತ್ತಿರುವವರು ನನ್ನಲ್ಲಿ ಪದೇ ಪದೇ ತರುವ ತೊಂದರೆಗಳು ಬಹುಮಟ್ಟಿಗೆ ಇವೇ. ಮೌಲ್ಯ ಎಲ್ಲಿ ಹುಟ್ಟಿತು, ಯಾವ ಫಂಕ್ಷನ್‌ನಿಂದ ಯಾವ ಫಂಕ್ಷನ್‌ಗೆ ಎಷ್ಟನೆಯ ಸ್ಥಾನದಲ್ಲಿ ಹೋಯಿತು ಎಂಬುದನ್ನು ನೋಡದೆ, ಅದು ಕೊನೆಗೆ ಕಾಣಿಸಬೇಕಾದ ಫೈಲನ್ನು ಮಾತ್ರ ತಿದ್ದುತ್ತ ಕೂರುವುದರಿಂದಲೇ ಇವು ಬಗೆಹರಿಯದೆ ಉಳಿಯುತ್ತವೆ. ಆದ್ದರಿಂದ ಇಲ್ಲಿನ ಹಂತಗಳನ್ನು ಮೌಲ್ಯ ಸಾಗುವ ಕ್ರಮದಲ್ಲಿಯೇ ಜೋಡಿಸಿದ್ದೇನೆ. ವೇರಿಯಬಲ್ ಎಂದರೆ ಮೌಲ್ಯವನ್ನು ಹಿಡಿದಿಡುವ ಹೆಸರು, ಆರ್ಗ್ಯುಮೆಂಟ್ ಎಂದರೆ ಫಂಕ್ಷನ್ ಕರೆಯುವಾಗ ಅದಕ್ಕೆ ಕೊಡುವ ಮೌಲ್ಯ.

ಉದಾಹರಣೆಗೆ ಒಂದು ಕನ್ನಡ ಪುಸ್ತಕ ಮಾರಾಟದ ಜಾಲತಾಣವನ್ನು ಇಟ್ಟುಕೊಳ್ಳೋಣ. ಪ್ರತಿ ಪುಸ್ತಕಕ್ಕೂ ಹೆಸರು, ಲೇಖಕರು, ಬೆಲೆ ಮತ್ತು ಮುಖಪುಟ ಇರುವ ಒಂದು ಕಾರ್ಡ್ ಬೇಕು. ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಂಡರ್‌ಸ್ಕೋರ್ ಸಹಿತ ಕೊಟ್ಟಿದ್ದೇನೆ. ಕೋಡ್‌ನಲ್ಲಿ ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದವು

ನಡೆಯುತ್ತಿರುವ ತಾಣದಲ್ಲಿ ಈ ಕೆಲಸ ಮಾಡಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ತಾಣದ ಪ್ರತಿಯೊಂದನ್ನು ಇಟ್ಟುಕೊಳ್ಳಿ, ಅದರ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಆವೃತ್ತಿ ಹೋಸ್ಟಿಂಗ್‌ನಲ್ಲಿರುವುದೇ ಆಗಿರಲಿ. ಬದಲಾವಣೆಗಳು ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್‌ನ ಮೇಲೆ ನಿಲ್ಲುವ ನಿಮ್ಮದೇ ಥೀಮ್) ಅಥವಾ ನಿಮ್ಮದೇ ಪ್ಲಗಿನ್‌ನಲ್ಲಿರಲಿ, ಏಕೆಂದರೆ ಮೂಲ ಥೀಮ್ ಅಪ್‌ಡೇಟ್ ಆದಾಗ ಅದರೊಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ.

ನಂತರ ತಾಣದ ಕಾನ್ಫಿಗ್ ಫೈಲಿನಲ್ಲಿ ‘ಡಬ್ಲ್ಯೂಪಿ_ಡಿಬಗ್’ ಮತ್ತು ‘ಡಬ್ಲ್ಯೂಪಿ_ಡಿಬಗ್_ಲಾಗ್’ ಎಂಬ ಎರಡು ಕಾನ್‌ಸ್ಟೆಂಟ್‌ಗಳನ್ನು ಟ್ರೂ ಮಾಡಿ, ‘ಡಬ್ಲ್ಯೂಪಿ_ಡಿಬಗ್_ಡಿಸ್‌ಪ್ಲೇ’ಯನ್ನು ಫಾಲ್ಸ್ ಮಾಡಿ. ಇವು ಮೂರೂ ದೊಡ್ಡ ಅಕ್ಷರಗಳಲ್ಲಿರಬೇಕು. ಆಗ ಎಚ್ಚರಿಕೆಗಳು ಪುಟದ ಮೇಲೆ ಬೀಳದೆ ಕಂಟೆಂಟ್ ಫೋಲ್ಡರಿನ ಡಿಬಗ್ ಲಾಗ್ ಫೈಲಿಗೆ ಹೋಗುತ್ತವೆ. ಯಾವ ಹುಕ್ (ನಿಮ್ಮ ಫಂಕ್ಷನ್ ಅನ್ನು ಸಿಕ್ಕಿಸುವ ಜಾಗ) ಓಡಿತು, ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಡೆಯಿತು ಎಂಬುದನ್ನು ನೋಡಲು ಕ್ವೆರಿ ಮಾನಿಟರ್ ಪ್ಲಗಿನ್ ಸಾಕು.

ಮೌಲ್ಯವನ್ನು ಲಾಗ್‌ಗೆ ಬರೆಯಲು ‘ಎರರ್_ಲಾಗ್’ ಒಳಗೆ ‘ವರ್_ಎಕ್ಸ್‌ಪೋರ್ಟ್’ ಬಳಸಿ, ಅದರ ಎರಡನೆಯ ಆರ್ಗ್ಯುಮೆಂಟ್ ಟ್ರೂ ಆಗಿರಲಿ. ಹಲವರು ಬಳಸುವ ‘ಪ್ರಿಂಟ್_ಆರ್’ ಇಲ್ಲಿ ದಾರಿ ತಪ್ಪಿಸುತ್ತದೆ. ಫಾಲ್ಸ್, ನಲ್ (ಮೌಲ್ಯವೇ ಇಲ್ಲದ ಸ್ಥಿತಿ), ಖಾಲಿ ಸ್ಟ್ರಿಂಗ್ (ಅಕ್ಷರಗಳಿಲ್ಲದ ಪಠ್ಯ) ಮೂರನ್ನೂ ಅದು ಒಂದೇ ಖಾಲಿ ಜಾಗವಾಗಿ ತೋರಿಸುತ್ತದೆ, ನಾವು ಹುಡುಕುತ್ತಿರುವುದೋ ಆ ಮೂರರ ನಡುವಿನ ವ್ಯತ್ಯಾಸವನ್ನೇ.

## ಹಂತ 1: ಮೌಲ್ಯ ಹುಟ್ಟುವ ಜಾಗದಲ್ಲೇ ಅದನ್ನು ಪರೀಕ್ಷಿಸಿ

ಪುಸ್ತಕದ ಬೆಲೆ ಕಸ್ಟಮ್ ಫೀಲ್ಡ್‌ನಲ್ಲಿದೆ (ಪೋಸ್ಟ್‌ಗೆ ನಾವೇ ಸೇರಿಸುವ ಹೆಚ್ಚಿನ ವಿವರ) ಎಂದುಕೊಳ್ಳಿ. ಅದನ್ನು ಓದುವ ‘ಗೆಟ್_ಪೋಸ್ಟ್_ಮೆಟಾ’ಗೆ ಮೂರು ಆರ್ಗ್ಯುಮೆಂಟ್‌ಗಳಿವೆ: ಪೋಸ್ಟ್‌ನ ಐಡಿ, ಆ ಫೀಲ್ಡ್‌ನ ಹೆಸರಾದ ಕೀ, ಮತ್ತು ಒಂದೇ ಮೌಲ್ಯ ಬೇಕೇ ಎಂಬ ಟ್ರೂ ಅಥವಾ ಫಾಲ್ಸ್. ಮೂರನೆಯದನ್ನು ಬಿಟ್ಟರೆ ಅದು ಫಾಲ್ಸ್ ಎಂದೇ ಲೆಕ್ಕ, ಆಗ ಕೈಗೆ ಬರುವುದು ಬೆಲೆಯಲ್ಲ, ಬೆಲೆಯನ್ನು ಒಳಗಿಟ್ಟುಕೊಂಡ ಅರೇ, ಅಂದರೆ ಮೌಲ್ಯಗಳ ಪಟ್ಟಿ. ಕಾರ್ಡ್‌ನಲ್ಲಿ 250 ರೂಪಾಯಿಯ ಬದಲು ‘ಅರೇ’ ಎಂಬ ಇಂಗ್ಲಿಷ್ ಪದ ಕಾಣಿಸಿದರೆ ಮೊದಲು ನೋಡಬೇಕಾದದ್ದು ಈ ಮೂರನೆಯ ಸ್ಥಾನವನ್ನು.

ಮೂರನೆಯದು ಟ್ರೂ ಇದ್ದಾಗಲೂ 250 ಎಂಬ ಬೆಲೆ ಸಂಖ್ಯೆಯಾಗಿ ಬರುವುದಿಲ್ಲ, ಸ್ಟ್ರಿಂಗ್ ಆಗಿಯೇ ಬರುತ್ತದೆ. ಲೆಕ್ಕ ಮಾಡಬೇಕಾದರೆ ಇಲ್ಲಿಯೇ ಪರಿವರ್ತಿಸಿ. ಋಣ ಸಂಖ್ಯೆ ಬರಬಾರದ ಪೂರ್ಣಾಂಕಗಳಿಗೆ ‘ಆಬ್ಸ್‌ಇಂಟ್’ ಇದೆ.

## ಹಂತ 2: ಮೌಲ್ಯ ಎಲ್ಲಿಯವರೆಗೆ ಕಾಣುತ್ತದೆ ಎಂದು ತಿಳಿದುಕೊಳ್ಳಿ

ಪಿಎಚ್‌ಪಿಯಲ್ಲಿ ಫಂಕ್ಷನ್‌ನ ಹೊರಗಿನ ವೇರಿಯಬಲ್ ಅದರ ಒಳಗೆ ತಾನಾಗಿ ಕಾಣುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಪಾಠವೇ. ಆದರೆ ಪುಟದ ಒಂದು ತುಣುಕಿನ ಫೈಲನ್ನು (ಟೆಂಪ್ಲೇಟ್ ಪಾರ್ಟ್) ತರಿಸುವ ‘ಗೆಟ್_ಟೆಂಪ್ಲೇಟ್_ಪಾರ್ಟ್’ ಕೂಡ ಒಂದು ಫಂಕ್ಷನ್, ಅದು ಕರೆಯುವ ಫೈಲು ‘ಲೋಡ್_ಟೆಂಪ್ಲೇಟ್’ ಎಂಬ ಇನ್ನೊಂದು ಫಂಕ್ಷನ್‌ನ ಒಳಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ನೇರವಾಗಿ ಇನ್‌ಕ್ಲೂಡ್ ಮಾಡಿದಾಗ ಕಾಣುತ್ತಿದ್ದ ಬೆಲೆಯ ವೇರಿಯಬಲ್ ಟೆಂಪ್ಲೇಟ್ ಪಾರ್ಟ್ ಆದ ಕೂಡಲೇ ಕಾಣದಾಗುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರವೆಂದು ಎಲ್ಲ ಕಡೆಗೂ ಸಿಗುವ ಗ್ಲೋಬಲ್ ವೇರಿಯಬಲ್ ಹಿಡಿಯಬೇಡಿ. ‘ಪೋಸ್ಟ್’, ‘ಐಡಿ’ ಮುಂತಾದ ಹೆಸರುಗಳನ್ನು ವರ್ಡ್‌ಪ್ರೆಸ್ ತಾನೇ ಗ್ಲೋಬಲ್ ಆಗಿ ಬಳಸುತ್ತದೆ. ನೀವು ಅದೇ ಹೆಸರಿಟ್ಟರೆ ಹಾಳಾಗುವುದು ನಿಮ್ಮ ಕಾರ್ಡ್ ಒಂದೇ ಅಲ್ಲ.

## ಹಂತ 3: ಟೆಂಪ್ಲೇಟ್ ಪಾರ್ಟ್‌ಗೆ ಮೌಲ್ಯವನ್ನು ಮೂರನೆಯ ಸ್ಥಾನದಲ್ಲಿ ಕಳುಹಿಸಿ

2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ‘ಗೆಟ್_ಟೆಂಪ್ಲೇಟ್_ಪಾರ್ಟ್’ಗೆ ಮೂರನೆಯ ಆರ್ಗ್ಯುಮೆಂಟ್ ಸಿಕ್ಕಿದೆ. ಮೊದಲನೆಯದು ಫೈಲಿನ ಮೂಲ ಹೆಸರು, ಎರಡನೆಯದು ಅದರ ಉಪಹೆಸರು, ಮೂರನೆಯದು ನೀವು ದಾಟಿಸಬೇಕಾದ ಮೌಲ್ಯಗಳ ಅರೇ. ಹೆಡರ್, ಫೂಟರ್, ಸೈಡ್‌ಬಾರ್ ತರಿಸುವ ಫಂಕ್ಷನ್‌ಗಳಿಗೂ ಅದೇ ಆವೃತ್ತಿಯಲ್ಲಿ ಈ ಸೌಲಭ್ಯ ಬಂದಿದೆ.

ಅತಿ ಸಾಮಾನ್ಯವಾದ ತಪ್ಪು ಎಂದರೆ ಉಪಹೆಸರು ಬೇಡವಾದಾಗ ಅರೇಯನ್ನು ಎರಡನೆಯ ಸ್ಥಾನಕ್ಕೆ ಏರಿಸಿಬಿಡುವುದು. ವರ್ಡ್‌ಪ್ರೆಸ್ ಎರಡನೆಯದನ್ನು ಸ್ಟ್ರಿಂಗ್ ಆಗಿ ಬದಲಿಸಿಕೊಂಡು, ಆ ಹೆಸರಿನ ಫೈಲು ಸಿಗದೆ, ಮೂಲ ಹೆಸರಿನ ಫೈಲನ್ನೇ ತೆರೆಯುತ್ತದೆ. ಪುಟ ಮುರಿಯುವುದಿಲ್ಲ, ಕಾರ್ಡ್ ಕಾಣಿಸುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಲಾಗ್‌ನಲ್ಲಿ ಅರೇಯನ್ನು ಸ್ಟ್ರಿಂಗ್ ಮಾಡಿದ ಬಗ್ಗೆ ಒಂದು ಸಾಲಿನ ಎಚ್ಚರಿಕೆ ಬಿದ್ದಿರುತ್ತದೆ, ಅಷ್ಟೇ. ಉಪಹೆಸರು ಬೇಡವಾದರೆ ಆ ಸ್ಥಾನದಲ್ಲಿ ನಲ್ ಎಂದು ಬರೆಯಿರಿ, ಸ್ಥಾನವನ್ನು ಬಿಡಬೇಡಿ.

ಸ್ವೀಕರಿಸುವ ಫೈಲಿನಲ್ಲಿ ಎಲ್ಲ ಮೌಲ್ಯಗಳೂ ‘ಆರ್ಗ್ಸ್’ ಎಂಬ ಒಂದೇ ಅರೇಯೊಳಗೆ ಇರುತ್ತವೆ. ಕಳುಹಿಸಿದವರು ‘ಪ್ರೈಸ್’ ಎಂಬ ಕೀ ಕೊಟ್ಟಿದ್ದರೆ, ಇಲ್ಲಿ ಆರ್ಗ್ಸ್‌ನ ಒಳಗಿನ ‘ಪ್ರೈಸ್’ ಅನ್ನು ಕೇಳಬೇಕೇ ಹೊರತು ಆ ಹೆಸರಿನ ಬಿಡಿ ವೇರಿಯಬಲ್ ಅನ್ನಲ್ಲ. ಬಿಡಿಯಾಗಿಯೇ ಬೇಕೆಂದು ‘ಎಕ್ಸ್‌ಟ್ರಾಕ್ಟ್’ ಬಳಸುವುದನ್ನು ವರ್ಡ್‌ಪ್ರೆಸ್‌ನ ಕೋಡಿಂಗ್ ನಿಯಮಗಳೇ ನಿಷೇಧಿಸಿವೆ. ಯಾವ ವೇರಿಯಬಲ್ ಎಲ್ಲಿಂದ ಬಂತು ಎಂಬುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಹಳೆಯ ಥೀಮ್‌ಗಳಲ್ಲಿ ಇದೇ ಕೆಲಸಕ್ಕೆ ‘ಸೆಟ್_ಕ್ವೆರಿ_ವರ್’ ಬಳಸಿರುವುದು ಕಾಣುತ್ತದೆ. ಅದು ಕೆಲಸ ಮಾಡುತ್ತದೆ, ಆದರೆ ಒಮ್ಮೆ ಇಟ್ಟ ಮೌಲ್ಯ ಅಳಿಸುವವರೆಗೆ ಅಲ್ಲಿಯೇ ಉಳಿಯುತ್ತದೆ. ಮೂರನೆಯ ಪುಸ್ತಕಕ್ಕೆ ಮಾತ್ರ ಇದ್ದ ರಿಯಾಯಿತಿ ನಾಲ್ಕನೆಯದರಿಂದ ಕೊನೆಯ ಪುಸ್ತಕದವರೆಗೂ ಕಾಣಿಸತೊಡಗಿದರೆ ಕಾರಣ ಇದೇ ಆಗಿರುತ್ತದೆ. ಲೂಪ್‌ನೊಳಗೆ ಪ್ರತಿ ಸುತ್ತಿಗೂ ಹೊಸ ಅರೇ ಕಟ್ಟಿ ಕಳುಹಿಸಿದರೆ ಈ ಸೋರಿಕೆ ಇರುವುದಿಲ್ಲ.

## ಹಂತ 4: ಡೀಫಾಲ್ಟ್ ಮೌಲ್ಯಗಳನ್ನು ಸ್ವೀಕರಿಸುವ ಕಡೆ ಇಡಿ

ಕಳುಹಿಸುವವರು ಎಲ್ಲವನ್ನೂ ಕಳುಹಿಸುತ್ತಾರೆಂದು ನಂಬಬಾರದು. ಪಿಎಚ್‌ಪಿ 8ರಿಂದ ಇಲ್ಲದ ವೇರಿಯಬಲ್ ಅಥವಾ ಇಲ್ಲದ ಅರೇ ಕೀಯನ್ನು ಕೇಳುವುದು ಬರಿಯ ನೋಟಿಸ್ ಅಲ್ಲ, ವಾರ್ನಿಂಗ್. ಹೋಸ್ಟಿಂಗ್‌ನವರು ಆವೃತ್ತಿ ಏರಿಸಿದ ಮರುದಿನ ಲಾಗ್ ತುಂಬಿಹೋಯಿತು ಎನ್ನುವವರ ಕೋಡ್‌ನಲ್ಲಿ ತಪ್ಪು ಹೊಸದಾಗಿ ಹುಟ್ಟಿರುವುದಿಲ್ಲ, ಮೊದಲಿನಿಂದ ಇದ್ದದ್ದು ಈಗ ಎದ್ದು ಕಾಣುತ್ತಿರುತ್ತದೆ.

ಟೆಂಪ್ಲೇಟ್ ಫೈಲಿನ ಮೊದಲ ಸಾಲುಗಳಲ್ಲೇ ‘ಡಬ್ಲ್ಯೂಪಿ_ಪಾರ್ಸ್_ಆರ್ಗ್ಸ್’ ಕರೆದು, ಬಂದ ಮೌಲ್ಯಗಳನ್ನು ಡೀಫಾಲ್ಟ್‌ಗಳೊಂದಿಗೆ ಸೇರಿಸಿಕೊಳ್ಳಿ. ಇದರಲ್ಲಿ ಬಂದ ಮೌಲ್ಯ ಮೊದಲು, ಡೀಫಾಲ್ಟ್ ಆಮೇಲೆ. ಮುಂದಿನ ಹಂತದಲ್ಲಿ ಬರುವ ‘ಶಾರ್ಟ್‌ಕೋಡ್_ಆಟ್ಸ್’ನಲ್ಲಿ ಸರಿಯಾಗಿ ಇದರ ತಿರುವುಮುರುವು: ಡೀಫಾಲ್ಟ್ ಮೊದಲು, ಬಂದದ್ದು ಆಮೇಲೆ. ಇವೆರಡರ ಕ್ರಮವನ್ನು ನೆನಪಿನಿಂದ ಬರೆಯಬೇಡಿ, ಪ್ರತಿ ಸಲವೂ ಎಡಿಟರ್ ತೋರಿಸುವ ಸುಳಿವನ್ನು ಓದಿ ಬರೆಯಿರಿ. ತಿರುವುಮುರುವಾದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ನೀವು ಏನೇ ಕಳುಹಿಸಿದರೂ ಡೀಫಾಲ್ಟ್ ಮಾತ್ರ ಕಾಣುತ್ತಿರುತ್ತದೆ.

ಇನ್ನೆರಡು ಸಂಗತಿಗಳು ಗಮನದಲ್ಲಿರಲಿ. ಲೇಖಕರ ಹೆಸರಿನ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಬಂದರೆ ‘ಡಬ್ಲ್ಯೂಪಿ_ಪಾರ್ಸ್_ಆರ್ಗ್ಸ್’ ಅದನ್ನು ಮೌಲ್ಯವೆಂದೇ ಎಣಿಸಿ ಡೀಫಾಲ್ಟ್ ಅನ್ನು ಕೈಬಿಡುತ್ತದೆ, ಆದ್ದರಿಂದ ಖಾಲಿಯನ್ನು ಬೇರೆಯಾಗಿ ಪರೀಕ್ಷಿಸಬೇಕು. ಹಾಗೆಯೇ ಅದು ಮೇಲಿನ ಪದರವನ್ನು ಮಾತ್ರ ಸೇರಿಸುತ್ತದೆ. ಅರೇಯೊಳಗಿನ ಅರೇ ಬಂದರೆ ಒಳಗಿನ ಡೀಫಾಲ್ಟ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ.

## ಹಂತ 5: ಶಾರ್ಟ್‌ಕೋಡ್‌ನಿಂದ ಬರುವ ಪ್ರತಿ ಮೌಲ್ಯವೂ ಸ್ಟ್ರಿಂಗ್ ಎಂದು ತಿಳಿಯಿರಿ

ಸಂಪಾದಕರು ಪುಟದಲ್ಲಿ ಪುಸ್ತಕ ಪಟ್ಟಿಯ ಶಾರ್ಟ್‌ಕೋಡ್ ಹಾಕಿ, ಮುಖಪುಟ ಬೇಡವೆಂದು ‘ಕವರ್’ ಎಂಬ ಆಟ್ರಿಬ್ಯೂಟ್‌ಗೆ ‘ಫಾಲ್ಸ್’ ಕೊಟ್ಟಿದ್ದಾರೆ ಎನ್ನಿ. ಕೋಡ್‌ಗೆ ತಲುಪುವುದು ಫಾಲ್ಸ್ ಎಂಬ ಸ್ಥಿತಿಯಲ್ಲ, ಐದು ಇಂಗ್ಲಿಷ್ ಅಕ್ಷರಗಳ ಒಂದು ಸ್ಟ್ರಿಂಗ್. ಪಿಎಚ್‌ಪಿಯಲ್ಲಿ ಖಾಲಿ ಸ್ಟ್ರಿಂಗ್ ಮತ್ತು ‘0’ ಬಿಟ್ಟು ಉಳಿದೆಲ್ಲ ಸ್ಟ್ರಿಂಗ್‌ಗಳೂ ಟ್ರೂ. ಹಾಗಾಗಿ ಚಿತ್ರ ಬಂದೇ ಬರುತ್ತದೆ. ‘ಫಿಲ್ಟರ್_ವರ್’ ಅನ್ನು ಬೂಲಿಯನ್ (ಟ್ರೂ ಅಥವಾ ಫಾಲ್ಸ್) ಪರೀಕ್ಷೆಯೊಂದಿಗೆ ಬಳಸಿದರೆ ‘1’, ‘ಟ್ರೂ’, ‘ಆನ್’, ‘ಯೆಸ್’ ಮಾತ್ರ ಟ್ರೂ ಆಗುತ್ತವೆ. ನಿಮ್ಮ ಸಂಪಾದಕರು ‘ಹೌದು’ ಎಂದು ಕನ್ನಡದಲ್ಲಿ ಬರೆಯುವವರಾದರೆ ಅದು ಕೂಡ ಫಾಲ್ಸ್ ಆಗಿಬಿಡುತ್ತದೆ ಎಂಬುದನ್ನು ಮರೆಯದೆ, ಆ ಪದಕ್ಕೆ ನೀವೇ ವ್ಯವಸ್ಥೆ ಮಾಡಿ.

ಆಟ್ರಿಬ್ಯೂಟ್‌ನ ಹೆಸರುಗಳನ್ನು ವರ್ಡ್‌ಪ್ರೆಸ್ ಸಣ್ಣ ಅಕ್ಷರಕ್ಕೆ ಇಳಿಸುತ್ತದೆ. ಡೀಫಾಲ್ಟ್ ಪಟ್ಟಿಯಲ್ಲಿ ನಡುವೆ ದೊಡ್ಡ ಅಕ್ಷರವಿರುವ ಹೆಸರಿಟ್ಟರೆ ಅವೆರಡೂ ಎಂದಿಗೂ ಹೊಂದುವುದಿಲ್ಲ. ಪಿಎಚ್‌ಪಿ ವೇರಿಯಬಲ್‌ಗೆ ಕನ್ನಡದಲ್ಲಿ ಹೆಸರಿಡಬಹುದಾದರೂ ಶಾರ್ಟ್‌ಕೋಡ್ ಆಟ್ರಿಬ್ಯೂಟ್‌ಗೆ ಇಡಲಾಗದು, ಏಕೆಂದರೆ ಅದನ್ನು ಓದುವ ನಿಯಮ ಇಂಗ್ಲಿಷ್ ಅಕ್ಷರ, ಅಂಕೆ, ಅಂಡರ್‌ಸ್ಕೋರ್ ಮತ್ತು ಅಡ್ಡಗೆರೆಗಳನ್ನಷ್ಟೇ ಹೆಸರೆಂದು ಒಪ್ಪುತ್ತದೆ. ಮೌಲ್ಯ ಮಾತ್ರ ಧಾರಾಳವಾಗಿ ಕನ್ನಡದಲ್ಲಿರಬಹುದು.

ವರ್ಡ್ ಫೈಲಿನಿಂದ ನಕಲಿಸಿ ಅಂಟಿಸಿದ ಶಾರ್ಟ್‌ಕೋಡ್‌ಗಳಲ್ಲಿ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿರುತ್ತವೆ. ಆಗ ‘ಸಣ್ಣ ಕಥೆ’ ಎಂಬ ಎರಡು ಪದದ ಮೌಲ್ಯ ನಡುವೆ ತುಂಡಾಗಿ, ಮೊದಲ ಪದ ಮಾತ್ರ ಬಾಗಿದ ಚಿಹ್ನೆಯೊಂದನ್ನು ಹೊತ್ತುಕೊಂಡು ಬರುತ್ತದೆ. ಲಾಗ್‌ನಲ್ಲಿ ಅರ್ಧ ಮೌಲ್ಯ ಕಂಡರೆ ಕೋಡ್ ಮುಟ್ಟುವ ಮೊದಲು ಪುಟದಲ್ಲಿನ ಚಿಹ್ನೆಗಳನ್ನು ಕೈಯಾರೆ ಮತ್ತೆ ಟೈಪ್ ಮಾಡಿ ನೋಡಿ.

ಶಾರ್ಟ್‌ಕೋಡ್ ಫಂಕ್ಷನ್ ರಿಟರ್ನ್ ಮಾಡಬೇಕು (ಮೌಲ್ಯವನ್ನು ಹಿಂದಿರುಗಿಸಬೇಕು), ಎಕೋ ಮಾಡಬಾರದು (ನೇರವಾಗಿ ಪುಟಕ್ಕೆ ಬರೆಯಬಾರದು). ಎಕೋ ಮಾಡಿದರೆ ಪುಸ್ತಕ ಪಟ್ಟಿ ಲೇಖನದ ನಡುವೆ ಕೂರದೆ ಲೇಖನದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ.

## ಹಂತ 6: ಹುಕ್‌ಗೆ ಎಷ್ಟು ಆರ್ಗ್ಯುಮೆಂಟ್ ಬೇಕೆಂದು ಹೇಳಿ

‘ಆಡ್_ಫಿಲ್ಟರ್’ ಮತ್ತು ‘ಆಡ್_ಆಕ್ಷನ್’ ಎರಡಕ್ಕೂ ನಾಲ್ಕು ಸ್ಥಾನಗಳಿವೆ: ಹುಕ್‌ನ ಹೆಸರು, ನಿಮ್ಮ ಫಂಕ್ಷನ್, ಆದ್ಯತೆ, ಸ್ವೀಕರಿಸುವ ಆರ್ಗ್ಯುಮೆಂಟ್‌ಗಳ ಸಂಖ್ಯೆ. ಏನೂ ಹೇಳದಿದ್ದರೆ ಆದ್ಯತೆ 10, ಸಂಖ್ಯೆ 1. ಪುಸ್ತಕ ಉಳಿಸಿದಾಗ ಓಡುವ ‘ಸೇವ್_ಪೋಸ್ಟ್’ ಹುಕ್ ಐಡಿ, ಪೋಸ್ಟ್ ಮತ್ತು ಇದು ತಿದ್ದುಪಡಿಯೇ ಎಂಬ ಮೂರು ಮೌಲ್ಯಗಳನ್ನು ಕೊಡಬಲ್ಲದು, ಆದರೆ ಕೇಳಿದಷ್ಟನ್ನೇ ಕೊಡುತ್ತದೆ. ಮೂರು ಪ್ಯಾರಾಮೀಟರ್ (ಆರ್ಗ್ಯುಮೆಂಟ್ ಸ್ವೀಕರಿಸುವ ಹೆಸರು) ಇರುವ ಫಂಕ್ಷನ್ ಬರೆದು ನಾಲ್ಕನೆಯ ಸ್ಥಾನದಲ್ಲಿ 3 ಎಂದು ಹೇಳದಿದ್ದರೆ, ಪಿಎಚ್‌ಪಿ 7.1ರಿಂದ ಈಚೆಗೆ ಅದು ಎಚ್ಚರಿಕೆಯಲ್ಲಿ ಮುಗಿಯದೆ ಪುಟವನ್ನೇ ನಿಲ್ಲಿಸುವ ಎರರ್ ಆಗುತ್ತದೆ. 3 ಅನ್ನು ಮೂರನೆಯ ಸ್ಥಾನದಲ್ಲಿ ಬರೆದುಬಿಟ್ಟರೆ ಅದು ಆದ್ಯತೆಯಾಗುತ್ತದೆ, ಎರರ್ ಹಾಗೆಯೇ ಉಳಿಯುತ್ತದೆ. ನಾನು ನೋಡಿದ ಕೋಡ್‌ಗಳಲ್ಲಿ ಈ ಎರಡನೆಯ ತಪ್ಪೇ ಹೆಚ್ಚು.

ಫಿಲ್ಟರ್‌ನ ಫಂಕ್ಷನ್ ಯಾವ ದಾರಿಯಲ್ಲಿ ಹೊರಬಿದ್ದರೂ ಮೌಲ್ಯವನ್ನು ಹಿಂದಿರುಗಿಸಲೇಬೇಕು. ಒಂದು ಪ್ರಕಾಶನದ ತಾಣದಲ್ಲಿ ಲೇಖನದ ಕೊನೆಗೆ ಬೆಲೆ ಸೇರಿಸುವ ಫಿಲ್ಟರ್ ಬರೆದಾಗ, ಬೆಲೆ ಇಲ್ಲದಿದ್ದರೆ ಬರಿದೇ ರಿಟರ್ನ್ ಎಂದು ಬರೆದಿದ್ದೆ. ಬೆಲೆ ಇದ್ದ ಪುಸ್ತಕಗಳಲ್ಲಿ ಪರೀಕ್ಷಿಸಿ ತೃಪ್ತನಾಗಿದ್ದೆ. ಬೆಲೆ ನಮೂದಿಸದ ಪುಟಗಳೆಲ್ಲ ಸಂಜೆಯವರೆಗೆ ಶೀರ್ಷಿಕೆ ಮಾತ್ರ ಉಳಿಸಿಕೊಂಡು ನಿಂತಿದ್ದವು. ಆ ಪುಟಗಳನ್ನು ನಂಬಿ ಬಂದ ಓದುಗರ ನೆನಪು ಈಗಲೂ ನೋಯಿಸುತ್ತದೆ. ಅಂದಿನಿಂದ ಫಿಲ್ಟರ್ ಬರೆಯುವಾಗ ಕೊನೆಯ ರಿಟರ್ನ್ ಸಾಲನ್ನು ಮೊದಲು ಟೈಪ್ ಮಾಡಿ, ಆಮೇಲೆ ಅದರ ಮೇಲಿನ ಸಾಲುಗಳನ್ನು ತುಂಬುತ್ತೇನೆ, ಮತ್ತು ಮೌಲ್ಯ ಇಲ್ಲದ ಪುಟದಲ್ಲಿಯೇ ಮೊದಲ ಪರೀಕ್ಷೆ ಮಾಡುತ್ತೇನೆ.

ನಿಮ್ಮದೇ ವೇರಿಯಬಲ್ ಒಂದನ್ನು ಹುಕ್‌ಗೆ ಕೊಟ್ಟ, ಹೆಸರಿಲ್ಲದ ಫಂಕ್ಷನ್ ಒಳಗೆ ಒಯ್ಯಬೇಕಾದರೆ ‘ಯೂಸ್’ ಪದದೊಂದಿಗೆ ಸ್ಪಷ್ಟವಾಗಿ ಕೊಡಿ. ಅದು ಫಂಕ್ಷನ್ ಬರೆದ ಕ್ಷಣದ ಮೌಲ್ಯವನ್ನು ಹಿಡಿದಿಡುತ್ತದೆ, ಓಡುವ ಕ್ಷಣದ್ದನ್ನಲ್ಲ. ಪಿಎಚ್‌ಪಿ 8ರಲ್ಲಿ ಬಂದ ಹೆಸರಿಸಿದ ಆರ್ಗ್ಯುಮೆಂಟ್ ಸೌಲಭ್ಯವನ್ನು ವರ್ಡ್‌ಪ್ರೆಸ್ ಫಂಕ್ಷನ್‌ಗಳ ಮೇಲೆ ಬಳಸಬೇಡಿ. ಪ್ಯಾರಾಮೀಟರ್‌ಗಳ ಹೆಸರು ಬದಲಾಗದೆಂಬ ಭರವಸೆಯನ್ನು ವರ್ಡ್‌ಪ್ರೆಸ್ ಕೊಟ್ಟಿಲ್ಲ.

## ಹಂತ 7: ಕ್ವೆರಿ ಮತ್ತು ವಿಳಾಸದ ಆರ್ಗ್ಯುಮೆಂಟ್‌ಗಳು

‘ಡಬ್ಲ್ಯೂಪಿ_ಕ್ವೆರಿ’ಗೆ ತಪ್ಪು ಕೀ ಕೊಟ್ಟರೆ ಅದು ದೂರುವುದಿಲ್ಲ, ಆ ಷರತ್ತನ್ನು ಬಿಟ್ಟು ಹುಡುಕುತ್ತದೆ. ಕಥೆಗಳ ಪುಟದಲ್ಲಿ ಎಲ್ಲ ಪುಸ್ತಕಗಳೂ ಬಂದರೆ ಕೀಗಳ ಕಾಗುಣಿತ ನೋಡಿ. ‘ಕ್ಯಾಟಗರಿ_ನೇಮ್’ ಎಂಬ ಕೀ ಹೆಸರನ್ನು ಕೇಳುವಂತೆ ಕಂಡರೂ ಅದಕ್ಕೆ ಬೇಕಾದದ್ದು ಸ್ಲಗ್, ಅಂದರೆ ವಿಳಾಸದಲ್ಲಿ ಬರುವ ಹೆಸರು. ‘ಟ್ಯಾಕ್ಸ್_ಕ್ವೆರಿ’ಗೆ ಒಂದೇ ಷರತ್ತಿದ್ದರೂ ಅರೇಯೊಳಗೆ ಅರೇ ಬೇಕು. ಲೂಪ್ ಮುಗಿದ ಮೇಲೆ ‘ಡಬ್ಲ್ಯೂಪಿ_ರೀಸೆಟ್_ಪೋಸ್ಟ್‌ಡೇಟಾ’ ಕರೆಯದಿದ್ದರೆ ಕೆಳಗಿನ ಭಾಗಗಳೆಲ್ಲ ಪಟ್ಟಿಯ ಕೊನೆಯ ಪುಸ್ತಕದ್ದೇ ವಿವರ ತೋರಿಸುತ್ತವೆ.

ಸ್ಲಗ್ ಬಗ್ಗೆ ಕನ್ನಡದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ಗಳು ಬೇಕು, ವಿಳಾಸಕ್ಕಾಗಿ ಪರಿವರ್ತಿಸಿದಾಗ ಅದು 9 ಅಕ್ಷರಗಳಾಗುತ್ತದೆ, ಸ್ಲಗ್‌ಗೆ ಇರುವ ಮಿತಿ 200. ಒತ್ತಕ್ಷರ, ಸ್ವರಚಿಹ್ನೆ ಎಲ್ಲವೂ ಸೇರಿ 22 ಸಂಕೇತಗಳಿಗೆ ಮುಗಿಯಿತು. ಉದ್ದನೆಯ ಶೀರ್ಷಿಕೆಗಳ ಬಾಲ ಕತ್ತರಿಸಿಹೋಗುತ್ತದೆ. ಜೊತೆಗೆ ಕೆಲವು ಕೀಲಿಮಣೆ ತಂತ್ರಾಂಶಗಳು ‘ಬಸ್’ನಂತಹ ಪದಗಳ ಕೊನೆಗೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸುತ್ತವೆ. ನೋಡಲು ಒಂದೇ ಆದ ಎರಡು ಪದಗಳನ್ನು ಪಿಎಚ್‌ಪಿ ಬೇರೆಯೆನ್ನುತ್ತದೆ. ಆದ್ದರಿಂದ ಹೋಲಿಕೆಗೆ ಇಂಗ್ಲಿಷ್ ಸ್ಲಗ್ ಇರಲಿ, ತೋರಿಸಲು ಕನ್ನಡ ಹೆಸರಿರಲಿ.

ಹುಡುಕಾಟದ ಫಾರ್ಮ್‌ನಲ್ಲಿ ಫೀಲ್ಡ್‌ಗಳಿಗೆ ‘ನೇಮ್’, ‘ಇಯರ್’, ‘ಡೇ’ ಎಂಬ ಹೆಸರಿಡಬೇಡಿ. ಅವು ವರ್ಡ್‌ಪ್ರೆಸ್ ತನಗಾಗಿ ಇಟ್ಟುಕೊಂಡ ಹೆಸರುಗಳು. ಫಾರ್ಮ್ ಕಳುಹಿಸಿದ ಕೂಡಲೇ, ಇರುವ ಪುಟಕ್ಕೂ 404 ಬಂದರೆ ಇದನ್ನೇ ಅನುಮಾನಿಸಿ. ನಿಮ್ಮ ಹೆಸರಿಗೆ ಪೂರ್ವಪದ ಸೇರಿಸಿ, ‘ಕ್ವೆರಿ_ವರ್ಸ್’ ಫಿಲ್ಟರ್‌ನಲ್ಲಿ ನೋಂದಾಯಿಸಿ, ‘ಗೆಟ್_ಕ್ವೆರಿ_ವರ್’ ಮೂಲಕ ಓದಿ.

## ಹಂತ 8: ಒಳಬರುವಾಗ ಶುದ್ಧಿ, ಹೊರಹೋಗುವಾಗ ಎಸ್ಕೇಪ್

ಓದುಗರಿಂದ ಬಂದ ಮೌಲ್ಯಕ್ಕೆ ಮೊದಲು ‘ಡಬ್ಲ್ಯೂಪಿ_ಅನ್‌ಸ್ಲ್ಯಾಷ್’, ಆಮೇಲೆ ‘ಸ್ಯಾನಿಟೈಸ್_ಟೆಕ್ಸ್ಟ್_ಫೀಲ್ಡ್’. ಪರದೆಗೆ ಬರೆಯುವ ಸಾಲಿನಲ್ಲಿಯೇ ಎಸ್ಕೇಪ್ ಮಾಡಿ (ಕೋಡ್ ಆಗಿ ಓಡದಂತೆ ಚಿಹ್ನೆಗಳನ್ನು ಬದಲಿಸಿ): ಪಠ್ಯಕ್ಕೆ ‘ಇಎಸ್‌ಸಿ_ಎಚ್‌ಟಿಎಂಎಲ್’, ಟ್ಯಾಗ್‌ನ ಆಟ್ರಿಬ್ಯೂಟ್‌ಗೆ ‘ಇಎಸ್‌ಸಿ_ಆಟರ್’, ಕೊಂಡಿಗೆ ‘ಇಎಸ್‌ಸಿ_ಯುಆರ್‌ಎಲ್’. ಡೇಟಾಬೇಸ್‌ಗೆ ನೇರ ಪ್ರಶ್ನೆ ಬರೆಯುವಾಗ ‘ಪ್ರಿಪೇರ್’ ಇಲ್ಲದೆ ವೇರಿಯಬಲ್ ಸೇರಿಸಬೇಡಿ.

## ಹಂತ 9: ಕನ್ನಡ ವಾಕ್ಯದೊಳಗೆ ಮೌಲ್ಯವನ್ನು ಕೂರಿಸುವುದು

ಅನುವಾದದ ಫಂಕ್ಷನ್ ಒಳಗೆ ವೇರಿಯಬಲ್ ಇಡಬಾರದು, ಏಕೆಂದರೆ ಅನುವಾದದ ಪಟ್ಟಿ ತಯಾರಿಸುವ ಸಾಧನ ಕೋಡ್ ಅನ್ನು ಓದುತ್ತದೆಯೇ ಹೊರತು ಓಡಿಸುವುದಿಲ್ಲ. ಪೂರ್ತಿ ವಾಕ್ಯವನ್ನು ಸ್ಥಾನಸೂಚಕಗಳೊಂದಿಗೆ ಬರೆದು ‘ಸ್ಪ್ರಿಂಟ್‌ಎಫ್’ನಿಂದ ತುಂಬಿ. ಎರಡು ಮೌಲ್ಯಗಳಿದ್ದರೆ ಸೂಚಕಗಳಿಗೆ ಸಂಖ್ಯೆ ಕೊಡಲೇಬೇಕು. ಇಂಗ್ಲಿಷಿನಲ್ಲಿ ಲೇಖಕರು ಮೊದಲು, ದಿನಾಂಕ ಆಮೇಲೆ ಬರುವ ವಾಕ್ಯ ಕನ್ನಡದಲ್ಲಿ ‘ಇಂಥ ದಿನ ಇಂಥವರು ಬರೆದದ್ದು’ ಎಂದು ತಿರುಗುತ್ತದೆ. ಸಂಖ್ಯೆ ಇಲ್ಲದಿದ್ದರೆ ದಿನಾಂಕದ ಜಾಗದಲ್ಲಿ ಲೇಖಕರ ಹೆಸರು ಬಂದು ಕೂರುತ್ತದೆ.

ಸಂಖ್ಯೆಯ ಸೂಚಕದಲ್ಲಿ ಡಾಲರ್ ಚಿಹ್ನೆಯ ಬೆನ್ನಿಗೆ ಎಸ್ ಅಕ್ಷರ ಇರುತ್ತದೆ. ಈ ವಾಕ್ಯವನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿಟ್ಟರೆ ಪಿಎಚ್‌ಪಿ ಅದನ್ನು ‘ಎಸ್’ ಎಂಬ ವೇರಿಯಬಲ್ ಎಂದು ಓದುತ್ತದೆ. ಲಾಗ್‌ನಲ್ಲಿ ನೀವು ಎಂದೂ ಬರೆಯದ ಆ ಹೆಸರು ಕಾಣಿಸಿದರೆ ವಾಕ್ಯವನ್ನು ಒಂಟಿ ಚಿಹ್ನೆಗೆ ಬದಲಿಸಿ.

ಪುಸ್ತಕದ ಪರಿಚಯವನ್ನು ಮೊಟಕುಗೊಳಿಸಲು ‘ಸಬ್‌ಸ್ಟರ್’ ಬಳಸಿದರೆ ಅದು ಬೈಟ್ ಎಣಿಸುತ್ತದೆ. ‘ಕ್ಷೇತ್ರ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ, ಯುನಿಕೋಡ್‌ಗೆ 7 ಸಂಕೇತ, ಪಿಎಚ್‌ಪಿಗೆ 21 ಬೈಟ್. ಹತ್ತಕ್ಕೆ ಕತ್ತರಿಸಿದರೆ ದೀರ್ಘದ ಸಂಕೇತ ಮುರಿದು ಕಪ್ಪು ಚೌಕದ ಪ್ರಶ್ನೆ ಚಿಹ್ನೆ ಮೂಡುತ್ತದೆ. ‘ಎಂಬಿ_ಸಬ್‌ಸ್ಟರ್’ ಬಳಸಿದರೆ ಚಿಹ್ನೆ ಮೂಡುವುದಿಲ್ಲ, ಆದರೆ ‘ಕ್’ ಎಂದು ಅರ್ಧಕ್ಕೆ ನಿಲ್ಲಬಹುದು. ಪದಗಳನ್ನು ಎಣಿಸುವ ‘ಡಬ್ಲ್ಯೂಪಿ_ಟ್ರಿಮ್_ವರ್ಡ್ಸ್’ ನಮ್ಮ ಭಾಷೆಗೆ ಸುರಕ್ಷಿತ. ಅದರ ಎರಡನೆಯ ಆರ್ಗ್ಯುಮೆಂಟ್ ಕೊಡದಿದ್ದರೆ 55 ಪದ. ಕನ್ನಡದ ಪದಗಳು ಉದ್ದವಾದ್ದರಿಂದ ಕಾರ್ಡ್‌ಗೆ 20 ಸಾಕಾಗುತ್ತದೆ.

## ತಾಣಕ್ಕೆ ಏರಿಸುವ ಮೊದಲು

ಬೆಲೆ ಇರುವ, ಬೆಲೆ ಇಲ್ಲದ, ಲೇಖಕರ ಹೆಸರು ಖಾಲಿಯಿರುವ ಮೂರು ಪುಸ್ತಕಗಳನ್ನು ತೆರೆದು ನೋಡಿ, ಪ್ರತಿ ಸಲವೂ ಲಾಗ್ ಫೈಲಿಗೆ ಹೊಸ ಸಾಲು ಬಿದ್ದಿದೆಯೇ ಎಂದು ಪರೀಕ್ಷಿಸಿ. ನಂತರ ನೀವು ಸೇರಿಸಿದ ‘ಎರರ್_ಲಾಗ್’ ಸಾಲುಗಳನ್ನು ಹುಡುಕಿ ತೆಗೆಯಿರಿ. ನಡೆಯುತ್ತಿರುವ ತಾಣದಲ್ಲಿ ಎಂದಾದರೂ ಡಿಬಗ್ ಲಾಗ್ ತೆರೆದಿದ್ದರೆ ಆ ಫೈಲನ್ನೂ ಅಳಿಸಿ, ಮೂರು ಕಾನ್‌ಸ್ಟೆಂಟ್‌ಗಳನ್ನು ಮೊದಲಿನ ಸ್ಥಿತಿಗೆ ತನ್ನಿ. ಸರ್ವರ್‌ನಲ್ಲಿ ತಡೆ ಹಾಕದಿದ್ದರೆ ಆ ಫೈಲನ್ನು ವಿಳಾಸ ಊಹಿಸಿ ಯಾರು ಬೇಕಾದರೂ ತೆರೆಯಬಹುದು, ಮತ್ತು ನೀವು ಪರೀಕ್ಷೆಗಾಗಿ ಬರೆಸಿದ ಆರ್ಗ್ಯುಮೆಂಟ್‌ಗಳಲ್ಲಿ ಗ್ರಾಹಕರ ವಿವರಗಳಿದ್ದರೆ ಅವೂ ಅದರೊಳಗೆ ಇರುತ್ತವೆ.